ನಾಲ್ಕು ಸಿ, ಇಪ್ಪತ್ತೇಳು ಎಫ್

ತಿಪಟೂರು ಬಸ್ ಸ್ಟ್ಯಾಂಡಿನಿಂದ ನಾನು ಸೀಟಿಲ್ಲದೆ ನಿಂತುಕೊಂಡು ಊರಿಗೆ ಬಂದದ್ದು ಮದುವೆಯಾದ ಈ ಮೂವತ್ತೆರಡು ವರ್ಷದಲ್ಲಿ ಒಂದೇ ಸಲ. ಆವತ್ತು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬರುತ್ತಿದ್ದೆ, ಅದಕ್ಕೆ. ಉಳಿದ ದಿನಗಳಲ್ಲಿ ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಪಕ್ಕದಲ್ಲಿ ಓಡಿ, ಕಿಟಕಿಯೊಳಗೆ ಟವೆಲ್ ಎಸೆದು, ಎರಡು ಸೀಟು ನನ್ನದು ಮಾಡಿಕೊಂಡು, ಆಮೇಲೆ ಸಾವಕಾಶವಾಗಿ ಹತ್ತುವವಳು ನಾನು. ನಮ್ಮೂರು ಬಿಳಿಗೆರೆಯ ಹೆಂಗಸರು ಎಲ್ಲಿಗಾದರೂ ಹೊರಟರೆ, ‘ಶಿವರುದ್ರಮ್ಮ ಬತ್ತಾಳಾ?’ ಎಂದು ಕೇಳಿಕೊಂಡೇ ಚೀಲ ಎತ್ತುತ್ತಾರೆ. ಇದು ಜಂಬವಲ್ಲ. ಬಸ್ಸಿನಲ್ಲಿ ನಾಚಿಕೊಂಡವರು ಬಾಗಿಲಲ್ಲಿ ನೇತಾಡುತ್ತಾರೆ, ಅಷ್ಟೇ.

ಇಂಥ ನನಗೆ ಮೊನ್ನೆ ವಿಮಾನದಲ್ಲಿ ನನ್ನ ಮಗಳ ಪಕ್ಕದ ಸೀಟು ಸಿಗಲಿಲ್ಲ.

ಮಗಳು ವರ್ಷಿಣಿಯನ್ನು ಬಾಣಂತನಕ್ಕೆ ಕರೆತರಲು ಇಂದೋರಿಗೆ ಹೋಗಿದ್ದೆ. ಅಳಿಯಂದಿರು ದಯಾನಂದ್ ಅಲ್ಲಿಯ ಮಾರುಕಟ್ಟೆಯಲ್ಲಿ ಕೊಬ್ಬರಿ ಏಜೆಂಟು. ನಮ್ಮ ತಿಪಟೂರಿನಿಂದ ಹೋದ ಲೋಡು ಅವರ ಗೋಡೌನಿನಲ್ಲಿ ಇಳಿಯುತ್ತದೆ. ಹೋಗುವಾಗ ರೈಲಿನಲ್ಲಿ ಹೋದೆ. ಬರುವಾಗ ಡಾಕ್ಟರು, ಏಳನೇ ತಿಂಗಳಲ್ಲಿ ಅಷ್ಟು ದೂರ ರೈಲು ಬೇಡ, ವಿಮಾನದಲ್ಲಿ ಎರಡು ಗಂಟೆ, ಆರಾಮಾಗಿ ಹೋಗಲಿ ಎಂದು ಚೀಟಿ ಬರೆದುಕೊಟ್ಟರು. ಟಿಕೆಟ್ಟನ್ನು ವರ್ಷಿಣಿಯೇ ಫೋನಿನಲ್ಲಿ ಮಾಡಿದಳು.

ಇದು ಅವಳ ಎರಡನೆಯ ಬಸಿರು. ಮೊದಲನೆಯದು ಹೋದ ವರ್ಷ ಐದನೇ ತಿಂಗಳಿಗೆ ಹೋಯಿತು. ಆವತ್ತು ಅವಳು ಮನೆಯಲ್ಲಿ ಒಬ್ಬಳೇ ಇದ್ದಳು. ಅತ್ತೆ ಯಾವುದೋ ಮದುವೆಗೆ, ಗಂಡ ಗೋಡೌನಿಗೆ. ಅವಳು ಮೊದಲು ಫೋನು ಮಾಡಿದ್ದು ನನಗೆ. ನಾನು ಅಟ್ಟದ ಮೇಲಿದ್ದೆ. ಅಟ್ಟದಲ್ಲಿ ಹಾಕಿದ ಕಾಯಿ ಒಂದು ವರ್ಷ ಕತ್ತಲಲ್ಲಿ ಕೂತು, ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೆ ಉರುಳಬೇಕು. ಅಷ್ಟು ದಿನ ಸುಮ್ಮನಿರುವುದು ನನ್ನ ಕೈಲಾಗದು. ದಿನಾ ಹತ್ತಿ ನಾಲ್ಕು ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ‘ನೀನು ಅಲ್ಲಾಡ್ಸಿದ್ರೆ ಬೇಗ ಒಣಗ್ತವೇನೇ?’ ಎಂದು ನಮ್ಮ ಯಜಮಾನರು ಮರುಳಪ್ಪನವರು ನಗುತ್ತಾರೆ. ನಾನು ಕಾಯಿ ಅಲ್ಲಾಡಿಸುತ್ತಿದ್ದಾಗ ಫೋನು ಕೆಳಗೆ ನಡುಮನೆಯಲ್ಲಿ ಹನ್ನೊಂದು ಸಲ ಬಡಿದುಕೊಂಡಿದೆ. ನನಗೆ ಕೇಳಿಸಲಿಲ್ಲ.

ಆ ಹನ್ನೊಂದು ಸಲವನ್ನು ನಾನು ಇವತ್ತಿಗೂ ನುಂಗಿಕೊಳ್ಳಲಾರೆ. ಈ ಸಲ ಅವಳು ಬಸುರಿ ಎಂದು ಗೊತ್ತಾದ ದಿನವೇ ದೇವರ ಮುಂದೆ ಹೇಳಿಕೊಂಡೆ: ಕರೆತರುವ ದಿನದಿಂದ ಹೆರಿಗೆಯಾಗುವ ತನಕ, ನನ್ನ ಕೈಗೆ ಎಟುಕುವಷ್ಟು ದೂರದಲ್ಲಿ ಅವಳಿರಬೇಕು. ಒಂದು ಗಳಿಗೆಯೂ ತಪ್ಪಿಸುವುದಿಲ್ಲ. ಇಂದೋರಿನಲ್ಲಿ ನಾನಿದ್ದ ಹತ್ತು ದಿನವೂ ಹಾಗೇ ಇದ್ದೆ.

ಹೊರಡುವ ಬೆಳಿಗ್ಗೆ ಬೀಗಿತ್ತಿ ಹೊಂಬಾಳಮ್ಮನವರು ಅವಳಿಗೆ ಮಡಿಲು ತುಂಬಿದರು. ಅಕ್ಕಿ, ಬೆಲ್ಲ, ಎಲೆ ಅಡಿಕೆ, ಅರಿಶಿನದ ಕೊನೆ, ಎರಡು ಕೊಬ್ಬರಿ ಗಿಟುಕು. ಗಿಟುಕು ನೋಡಿದರೆ ನಮ್ಮ ಕಡೆಯದೇ, ದುಂಡಗೆ, ಒಂದು ಸುಕ್ಕಿಲ್ಲ. ಇಲ್ಲಿಂದ ಲಾರಿಯಲ್ಲಿ ಹೋದದ್ದು ಈಗ ವಿಮಾನದಲ್ಲಿ ವಾಪಸು ಬರುತ್ತಿದೆಯಲ್ಲ ಎಂದು ನನಗೆ ನಗು ಬಂತು. ಎಲ್ಲವನ್ನೂ ಹಸಿರು ರವಿಕೆ ಕಣದಲ್ಲಿ ಗಂಟು ಕಟ್ಟಿದೆವು. ಆ ಗಂಟು ತವರಿನ ದೇವರ ಮುಂದೆಯೇ ಬಿಚ್ಚಬೇಕು, ನಡುವೆ ಎಲ್ಲೂ ಬಿಚ್ಚಬಾರದು. ಇದು ನಮ್ಮಲ್ಲಿ ನಡೆದುಬಂದದ್ದು. ಹೋದ ಸಲ ಏನಾಯಿತೋ ಆಯಿತು, ಈ ಸಲ ಒಂದು ಎಳೆಯಷ್ಟೂ ತಪ್ಪಬಾರದೆಂದು ಬೀಗಿತ್ತಿಯೂ ನಾನೂ ಹಟ ತೊಟ್ಟಿದ್ದೆವು.

ವಿಮಾನ ನಿಲ್ದಾಣದಲ್ಲಿ ವರ್ಷಿಣಿ ನನ್ನ ಕೈಗೊಂದು ಚೀಟಿ ಕೊಟ್ಟಳು. ಅದರಲ್ಲಿ ನಾಲ್ಕು ಸಿ ಎಂದಿತ್ತು.

“ನಿಂದೆಷ್ಟೇ?”

“ಇಪ್ಪತ್ತೇಳು ಎಫ್ ಅವ್ವ.”

“ಪಕ್ಕದ್ದೇನೇ?”

“ಇಲ್ಲವ್ವ. ನಿಂದು ಮುಂದೆ, ನಂದು ಹಿಂದೆ. ಹಂಗೇ ಬಂದೈತೆ.”

ಹಂಗೇ ಬರುವುದಕ್ಕೆ ಅದೇನು ಮಳೆಯೇ? ಇವು ಅಗ್ಗದ ವಿಮಾನಗಳು, ಇಲ್ಲಿ ಕೂರುವ ಜಾಗಕ್ಕೂ ಬೇರೆ ದುಡ್ಡು, ಕೊಡದಿದ್ದರೆ ಗಂಡ ಹೆಂಡಿರನ್ನೂ ಮೂಲೆಗೊಬ್ಬರಂತೆ ಕೂರಿಸುತ್ತಾರೆ ಎಂದು ಅಳಿಯಂದಿರು ಹೇಳಿದ್ದರು. ನಾನು ಸೀದಾ ಕೌಂಟರಿಗೆ ಹೋದೆ. ನನ್ನ ಹಿಂದಿ ಮಾರ್ವಾಡಿ ವ್ಯಾಪಾರಿಗಳ ಹತ್ತಿರ ಕಲಿತದ್ದು, ಚೌಕಾಸಿಗೆ ಬೇಕಾದಷ್ಟು ಬರುತ್ತದೆ. “ನನ್ನ ಮಗಳು ಬಸುರಿ. ಪಕ್ಕದಲ್ಲಿ ಹಾಕು. ಏನು ಕೊಡಬೇಕೋ ಕೊಡ್ತೀನಿ,” ಎಂದೆ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿದಳು, ನನ್ನ ಹೆಗಲ ಮೇಲಿಂದ ವರ್ಷಿಣಿಯನ್ನು ನೋಡಿದಳು, ಮತ್ತೆ ಕಂಪ್ಯೂಟರ್ ನೋಡಿದಳು. “ಫ್ಲೈಟ್ ಫುಲ್ ಇದೆ ಮೇಡಂ. ಆಗಲ್ಲ.”

“ಆಗಲ್ಲ ಅಂದ್ರೆ?”

“ಆಗಲ್ಲ ಮೇಡಂ.”

ತಿಪಟೂರಿನ ಕಂಡಕ್ಟರನಾಗಿದ್ದರೆ ಅವನ ಅಪ್ಪನ ಹೆಸರು ಹಿಡಿದು ನಾಲ್ಕು ಮಾತು ಆಡಬಹುದಿತ್ತು. ಈ ಹುಡುಗಿಯ ಅಪ್ಪ ಯಾರೋ. ಇರಲಿ, ಒಳಗೆ ಹೋದ ಮೇಲೆ ನೋಡಿಕೊಳ್ಳುತ್ತೇನೆ ಎಂದುಕೊಂಡೆ. ನನ್ನ ಕೈಚೀಲದಲ್ಲಿ ಟವೆಲ್ ಇತ್ತು.

ತಪಾಸಣೆಯ ಜಾಗದಲ್ಲಿ ಮಡಿಲಿನ ಗಂಟು ಸಿಕ್ಕಿಹಾಕಿಕೊಂಡಿತು. ಯಂತ್ರದೊಳಗೆ ಹೋದ ಗಂಟಿನಲ್ಲಿ ಎರಡು ದುಂಡನೆಯ ಕಪ್ಪು ಗುಂಡುಗಳು ಕಂಡವಂತೆ. ಖಾಕಿ ತೊಟ್ಟ ಒಬ್ಬ ಹೆಣ್ಣುಮಗಳು ಗಂಟು ಬಿಚ್ಚಿ ಎಂದಳು. ನಾನು ಬಿಚ್ಚುವುದಿಲ್ಲ ಎಂದೆ. ಇದು ಮಡಿಲು, ನಮ್ಮ ಮನೆ ದೇವರ ಮುಂದೆಯೇ ಬಿಚ್ಚುವುದು ಎಂದೆ. ಅವಳು ಸಮಾಧಾನವಾಗಿಯೇ, ಬಿಚ್ಚದಿದ್ದರೆ ಗಂಟು ಇಲ್ಲೇ ಉಳಿಯುತ್ತದೆ ಎಂದಳು. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ನಿಂತೆ. ಅಷ್ಟರಲ್ಲಿ ವರ್ಷಿಣಿ ಮುಂದೆ ಬಂದು, ತಾನೇ ಗಂಟು ಬಿಚ್ಚಿಬಿಟ್ಟಳು.

“ಏನೇ ಮಾಡ್ದೆ!”

“ಬುಡವ್ವ. ಗಂಟು ಬಿಚ್ಚಿದ್ರೆ ಏನೂ ಆಗಲ್ಲ. ಕಟ್ಟಿದ್ರೂ ಆಗೋದು ಆಗುತ್ತೆ.”

ಅಕ್ಕಿ ಬೆಲ್ಲಕ್ಕೆ ಅವರದೇನೂ ತಕರಾರಿರಲಿಲ್ಲ. ಕೊಬ್ಬರಿ ಮಾತ್ರ ಬಿಡುವುದಿಲ್ಲವಂತೆ. ಅದರಲ್ಲಿ ಎಣ್ಣೆ ಇದೆ, ಬೆಂಕಿ ಹತ್ತುತ್ತದೆ ಎಂದು ಪಕ್ಕದ ಡಬ್ಬ ತೋರಿಸಿದಳು. ಕೊಬ್ಬರಿಯಲ್ಲಿ ಎಣ್ಣೆ ಇದೆ ಎಂದು ತಿಪಟೂರಿನವಳಿಗೆ ಪಾಠ! ಆದರೆ ನಮ್ಮ ಊರಿನ ಯಾರೂ ಇದನ್ನು ಯೋಚಿಸಿರಲಿಕ್ಕಿಲ್ಲ. ನಮಗೆ ಕೊಬ್ಬರಿಯಿಲ್ಲದೆ ಶುಭಕಾರ್ಯವಿಲ್ಲ, ಅದು ಅಪಾಯದ ಸಾಮಾನು ಎಂದು ಹೇಗೆ ಹೊಳೆಯಬೇಕು? ಡಬ್ಬದಲ್ಲಿ ಬಾಟಲಿ, ಲೈಟರು, ಕತ್ತರಿ ಬಿದ್ದಿದ್ದವು. ಮಡಿಲ ಕೊಬ್ಬರಿಯನ್ನು ನಾನು ಅದರೊಳಗೆ ಹಾಕುವವಳಲ್ಲ. ಎರಡೂ ಗಿಟುಕನ್ನು ಕಬ್ಬಿಣದ ಕಂಬದ ಅಂಚಿಗೆ ಕುಟ್ಟಿ ಒಡೆದೆ. ಮೊದಲ ಚೂರು ವರ್ಷಿಣಿಯ ಬಾಯಿಗೆ ಇಟ್ಟೆ. ಉಳಿದದ್ದನ್ನು ಸಾಲಿನಲ್ಲಿ ನಿಂತವರಿಗೆಲ್ಲ ಬೆಲ್ಲದ ಜೊತೆ ಹಂಚಿದೆ. ಡ್ಯೂಟಿಯಲ್ಲಿ ತಿನ್ನುವಂತಿಲ್ಲ ಎಂದ ಖಾಕಿಯ ಹೆಣ್ಣುಮಗಳು ಕೊನೆಗೆ ಒಂದು ಚೂರು ಜೇಬಿಗೆ ಹಾಕಿಕೊಂಡಳು. ಎಲ್ಲರೂ ನಗುತ್ತಿದ್ದರು, ವರ್ಷಿಣಿಯೂ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಗಂಟು ಹೋಯಿತು, ಇನ್ನು ಸೀಟೂ ಹೋದರೆ ನಾನು ದೇವರ ಮುಂದೆ ಹೇಳಿಕೊಂಡದ್ದಕ್ಕೆ ಏನು ಅರ್ಥ?

ಹತ್ತಲು ಕರೆದಾಗ ಬಸುರಿಯರು, ಮಕ್ಕಳೊಂದಿಗರು ಮೊದಲು ಎಂದರು. ನಾನು ಅವಳ ಭುಜ ಹಿಡಿದು ಜೊತೆಗೇ ಹೋದೆ. ಬಸ್ಸಿನಲ್ಲಿ ಕೂರಿಸಿ ವಿಮಾನದ ಬುಡಕ್ಕೆ ಕರೆದೊಯ್ದರು. ಅಲ್ಲಿ ನೋಡಿದರೆ ವಿಮಾನಕ್ಕೆ ಎರಡು ಏಣಿ. ಹದಿನೈದನೇ ಸಾಲಿನವರೆಗಿನವರು ಮುಂದಿನ ಏಣಿ, ಅದರಾಚೆಯವರು ಹಿಂದಿನ ಏಣಿ. ನಾನು ಹಿಂದಿನದಕ್ಕೇ ಹೋದೆ. ಚೀಟಿ ನೋಡುವ ಹುಡುಗ ಕೈ ಅಡ್ಡ ಹಿಡಿದು, ನೀವು ಮುಂದೆ ಎಂದ. ವರ್ಷಿಣಿಯ ಕೈ ಹಿಡಿದು ಹತ್ತಿಸಲು ಇನ್ನೊಬ್ಬ ಹುಡುಗಿಯನ್ನು ಕರೆದ.

“ಹೋಗವ್ವ, ನಿಧಾನಕ್ಕೆ ಹತ್ತು,” ಎಂದಳು ವರ್ಷಿಣಿ.

ನಿಧಾನವೆಲ್ಲಿಯದು? ಮಂಡಿನೋವನ್ನೂ ಮರೆತು ಮುಂದಿನ ಏಣಿಯನ್ನು ಎರಡೆರಡು ಮೆಟ್ಟಿಲಾಗಿ ಹತ್ತಿದೆ. ಬಾಗಿಲಲ್ಲಿ ನಮಸ್ಕಾರ ಮಾಡಿದವಳಿಗೆ ವಾಪಸು ನಮಸ್ಕಾರವನ್ನೂ ಮಾಡಲಿಲ್ಲ. ನಾಲ್ಕನೇ ಸಾಲು ದಾಟಿದೆ, ಹದಿನೈದು ದಾಟಿದೆ. ಇನ್ನೂ ಜನ ತುಂಬಿರಲಿಲ್ಲ. ಇಪ್ಪತ್ತೇಳಕ್ಕೆ ಬಂದು ನೋಡಿದರೆ ಕಿಟಕಿಯ ಪಕ್ಕದ ನಡುವಿನ ಸೀಟು ಖಾಲಿ. ಚೀಲದಿಂದ ಟವೆಲ್ ತೆಗೆದು ಅದರ ಮೇಲೆ ಹಾಸಿದೆ. ಆಮೇಲೆ ಉಸಿರು ಬಿಟ್ಟೆ.

ಹಿಂದಿನ ಬಾಗಿಲಿನಿಂದ ವರ್ಷಿಣಿ ಹೊಟ್ಟೆಗೆ ಒಂದು ಕೈ ಕೊಟ್ಟುಕೊಂಡು ಬಂದಳು. ಟವೆಲ್ ಕಂಡಳು. ಅವಳ ಮುಖ ಒಂದು ಕ್ಷಣ ಬಾಡಿತು. ಸುಸ್ತಾಗಿರಬೇಕು ಎಂದುಕೊಂಡೆ. ಒಳಗೆ ಸರಿದು ಕಿಟಕಿಯ ಹತ್ತಿರ ಕೂತಳು.

ಸ್ವಲ್ಪ ಹೊತ್ತಿಗೆ ಆ ಸೀಟಿನವನು ಬಂದ. ಇಪ್ಪತ್ತೈದರ ಒಳಗಿನ ಹುಡುಗ, ಬೆನ್ನಿಗೆ ಚೀಲ. ಟವೆಲನ್ನೂ ನನ್ನನ್ನೂ ನೋಡಿ ನಕ್ಕು, ಕನ್ನಡದಲ್ಲೇ ಮಾತಾಡಿದ. ಮೋಹನ್ ಅಂತೆ, ಹಾಸನದವನು.

“ಆಂಟಿ, ಆಗ ಕೊಬ್ಬರಿ ಕೊಟ್ಟೋರು ನೀವೇ ಅಲ್ವಾ? ಇಲ್ಲೂ ಟವೆಲ್ ಹಾಕಿದೀರಲ್ಲ!”

“ಕೂತ್ಕಳಪ್ಪ ಅಂತ ಹೇಳಕ್ಕಾಗಲ್ಲ, ಕೋಪ ಮಾಡ್ಕಬ್ಯಾಡ. ಇವಳು ನನ್ನ ಮಗಳು. ನಂದು ನಾಲ್ಕು ಸಿ, ಮುಂದ್ಗಡೆ, ಅಂಚಿನ ಸೀಟು. ಕಾಲು ಚಾಚಬಹುದು, ಇಳಿಯೋವಾಗ ಮೊದಲು ಇಳೀಬಹುದು. ನಿನ್ನದು ನಡುವಿಂದು, ಕೊನೇಲಿ. ನೀನೇ ಲೆಕ್ಕ ಹಾಕು.”

“ಲೆಕ್ಕ ಏನು ಬಂತು ಆಂಟಿ, ಕೊಡಿ,” ಎಂದು ಕೈ ಚಾಚಿದ.

ನಾನು ಚೀಟಿ ಕೊಡುವುದರಲ್ಲಿದ್ದೆ. ಗೆದ್ದೆ ಎಂದುಕೊಂಡಿದ್ದೆ. ಎಲ್ಲ ಕಡೆಯೂ ಆಗಲ್ಲ ಅನಿಸಿಕೊಂಡು ಬಂದು, ಕಡೆಗೂ ನನ್ನ ಟವೆಲೇ ಗೆದ್ದಿತ್ತು.

“ಬೇಡ,” ಎಂದಳು ವರ್ಷಿಣಿ. “ನೀವಿಲ್ಲೇ ಕೂತ್ಕೊಳ್ಳಿ. ಅವ್ವ, ನೀನು ನಿನ್ನ ಸೀಟಿಗೆ ಹೋಗು.”

“ಹುಡುಗ ಒಪ್ಪವನೆ ಕಣೇ.”

“ಅವರು ಒಪ್ಪಿದ್ರೂ ನಾನು ಒಪ್ಪಲ್ಲ. ನಾನೇ ಬೇರೆ ಬೇರೆ ಹಾಕ್ಸಿದ್ದು ಅವ್ವ. ದುಡ್ಡು ಕೊಟ್ಟು ಹಾಕ್ಸಿದೀನಿ.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಜನ ಪಕ್ಕದಲ್ಲಿ ಕೂರಲು ದುಡ್ಡು ಕೊಡುತ್ತಾರೆ. ನನ್ನ ಮಗಳು ನನ್ನಿಂದ ದೂರ ಕೂರಲು ದುಡ್ಡು ಕೊಟ್ಟಿದ್ದಳು. ಮೋಹನ್ ಚೀಲ ಸರಿಮಾಡಿಕೊಳ್ಳುವವನಂತೆ ಆಚೆ ತಿರುಗಿ ನಿಂತ. ಒಳ್ಳೆಯ ಹುಡುಗ.

“ಯಾಕೇ?” ಎಂದೆ.

ಅವಳು ಕಿಟಕಿಯ ಕಡೆ ನೋಡುತ್ತ ಹೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಜಗಳವಾದರೂ ಆಡಬಹುದಿತ್ತು.

“ಆರು ತಿಂಗಳಿಂದ ನಾನು ಒಬ್ಬಳೇ ಇಲ್ಲ ಅವ್ವ. ಮಲಗಿದ್ರೆ ಅತ್ತೆ ಬಂದು ಉಸಿರು ನೋಡ್ತಾರೆ. ಬಚ್ಚಲಿಗೆ ಚಿಲಕ ಹಾಕಂಗಿಲ್ಲ. ನೀನು ಬಂದ್ಮೇಲೆ ನಿದ್ದೇಲೂ ನಿನ್ನ ಕೈ ನನ್ನ ಹೊಟ್ಟೆ ಮೇಲೆ. ಇದು ಒದ್ರೆ ಮೂರು ಜನ ಓಡಿ ಬತ್ತೀರ. ಹೋಗಿದ್ದೂ ನನ್ನ ಮಗೂನೇ. ಅದನ್ನ ನೆನೆಸ್ಕೊಂಡು ಅಳೋಕೂ ನಂಗೊಂದು ಜಾಗ ಇಲ್ಲ. ಅತ್ರೆ ಅಪಶಕುನ ಅಂತೀರ. ಎರಡು ಗಂಟೆ, ಎರಡೇ ಗಂಟೆ, ನನ್ನ ಪಾಡಿಗೆ ಬುಟ್ಟುಬುಡು.”

ನಾನು ಹೋಗಲಾರೆ ಎಂದು ಹೇಳಬಹುದಿತ್ತು. ಕೂತ ಜಾಗದಿಂದ ನನ್ನನ್ನು ಎಬ್ಬಿಸುವವರು ನಮ್ಮ ತಾಲ್ಲೂಕಿನಲ್ಲಿ ಹುಟ್ಟಿಲ್ಲ. ದೇವರ ಮುಂದೆ ಹೇಳಿಕೊಂಡಿದ್ದೆ. ಅವಳಿಗೇನಾದರೂ ಆದರೆ? ಇಪ್ಪತ್ತಮೂರು ಸಾಲು ಆಚೆಯಿಂದ ನನಗೆ ಹೇಗೆ ಕೇಳಿಸಬೇಕು? ಆ ಹನ್ನೊಂದು ಸಲದ ಬಡಿತ ಕಿವಿಯಲ್ಲಿ ಹಾಗೇ ಶುರುವಾಯಿತು. ಆದರೆ ಆ ದೇವರ ಮುಂದೆ ಹೇಳಿಕೊಂಡದ್ದು ನಾನು, ಅವಳಲ್ಲ. ಅವಳನ್ನು ಯಾರೂ ಕೇಳಿರಲಿಲ್ಲ.

ಸೀಟಿನ ಮೇಲಿನ ಟವೆಲ್ ತೆಗೆದುಕೊಂಡೆ. ಹಿಡಿದ ಸೀಟನ್ನು ನಾನಾಗಿ ಬಿಟ್ಟದ್ದು ಹುಟ್ಟಿದ ಮೇಲೆ ಅದೇ ಮೊದಲು.

“ಕೂತ್ಕಳಪ್ಪ ಮೋಹನ್,” ಎಂದೆ. “ಅವಳನ್ನ ಮಾತಾಡ್ಸಬ್ಯಾಡ.”

ಬಂದದ್ದಕ್ಕಿಂತ ಹಿಂತಿರುಗುವುದು ಕಷ್ಟವಾಯಿತು. ಅಷ್ಟರಲ್ಲಿ ಎಲ್ಲರೂ ನಡುದಾರಿಯಲ್ಲಿ ನಿಂತು ಚೀಲಗಳನ್ನು ಮೇಲಕ್ಕೆ ತುರುಕುತ್ತಿದ್ದರು. ಸಾಲಿನಲ್ಲಿ ಕೊಬ್ಬರಿ ತಿಂದವರು ಒಬ್ಬಿಬ್ಬರು ಗುರುತು ಹಿಡಿದು ಜಾಗ ಬಿಟ್ಟರು. ಇಪ್ಪತ್ತು, ಹದಿನೈದು, ಒಂಬತ್ತು. ಒಂದೊಂದು ಸಾಲು ದಾಟುವಾಗಲೂ ತಿರುಗಿ ನೋಡಬೇಕೆಂದು ಕುತ್ತಿಗೆ ಎಳೆಯುತ್ತಿತ್ತು. ನೋಡಲಿಲ್ಲ. ನಾಲ್ಕು ಸಿಯಲ್ಲಿ ಕೂತು ಬೆಲ್ಟು ಬಿಗಿದುಕೊಂಡೆ. ಕೂತ ಮೇಲೆ ಗೊತ್ತಾಯಿತು, ನಿಜಕ್ಕೂ ಒಳ್ಳೆಯ ಸೀಟು. ನನ್ನ ಮಂಡಿನೋವು ನೆನೆಸಿಕೊಂಡು ಅವಳು ಕಾಲು ಚಾಚುವ ಅಂಚಿನ ಸೀಟೇ ಹಾಕಿಸಿದ್ದಳು. ಅದಕ್ಕೆ ಅಳು ಬಂತು. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಪಕ್ಕದವನು ನನಗೆ ವಿಮಾನ ಏರುವ ಭಯ ಎಂದುಕೊಂಡು ನೀರಿನ ಬಾಟಲಿ ಕೊಟ್ಟ.

ಎರಡು ಗಂಟೆ ಎಂದರೆ ಎಷ್ಟು ಉದ್ದ ಎಂದು ನನಗೆ ಗೊತ್ತಿರಲಿಲ್ಲ. ಎಲ್ಲೋ ಟಿಂಗ್ ಎಂದು ಗಂಟೆ ಬಡಿದರೆ ಸಾಕು, ಇಪ್ಪತ್ತೇಳರಿಂದಲೇ ಎಂದು ಬೆಲ್ಟಿಗೆ ಕೈ ಹಾಕುತ್ತಿದ್ದೆ. ಶೌಚಕ್ಕೆ ಹಿಂದುಗಡೆ ಹೋಗಿ ಬರುವ ನೆಪದಲ್ಲಿ ಒಂದು ಸಲ ನೋಡಿಬರಬಹುದಿತ್ತು. ಅರ್ಧ ಎದ್ದೂ ಬಿಟ್ಟೆ. ಆಮೇಲೆ ನನ್ನನ್ನು ನಾನೇ ಬೈದುಕೊಂಡು ಮುಂದುಗಡೆಯದಕ್ಕೇ ಹೋಗಿಬಂದೆ. ಬಸ್ಸಿನ ಸೀಟು ಹಿಡಿಯುವುದಕ್ಕೆ ಬೇಕಾದ ಗಟ್ಟಿತನ ಏನೇನೂ ಅಲ್ಲ. ಕೂತಲ್ಲೇ ಕೂತಿರುವುದಕ್ಕೆ ಅದರ ಹತ್ತರಷ್ಟು ಬೇಕು.

ಬೆಂಗಳೂರಿನಲ್ಲಿ ಇಳಿದು ಏಣಿಯ ಕೆಳಗೆ ನಿಂತೆ. ಹಿಂದಿನ ಏಣಿಯಿಂದ ಅವಳು ಇಳಿದು ಬಂದಳು. ಕಣ್ಣು ಕೆಂಪಗೆ ಊದಿತ್ತು, ಮುಖ ಮಾತ್ರ ತಲೆಗೆ ನೀರು ಹಾಕಿಕೊಂಡು ಬಂದವಳಂತೆ ತಿಳಿಯಾಗಿತ್ತು. ಹೇಗಿದ್ದೀಯ ಎಂದು ಕೇಳಲಿಲ್ಲ. ಅವಳ ಕೈಯ ಚೀಲ ಮಾತ್ರ ತೆಗೆದುಕೊಂಡೆ.

ನಮ್ಮೂರಿನ ಗಂಗರಾಜು ಕಾರು ತಂದಿದ್ದ. ತುಮಕೂರು ದಾಟಿ ಗುಬ್ಬಿಯ ಹತ್ತಿರ ಬಂದಾಗ ಅವಳೇ ಹೇಳಿದಳು.

“ಮೋಡದ ಮೇಲೆ ಹೋಗೋವಾಗ ಒದೀತು ಅವ್ವ. ಚೆನ್ನಾಗಿ ಒದೀತು.”

“ಎಷ್ಟು ಸತಿ?”

“ಹೇಳಲ್ಲ.”

ಮತ್ತೆ ಕೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಕಿಟಕಿಯಾಚೆ ತೆಂಗಿನ ತೋಟಗಳು ಶುರುವಾಗಿದ್ದವು, ಅವನ್ನು ನೋಡುತ್ತ ಕೂತೆ.

ಮನೆಗೆ ಬಂದಾಗ ಸಂಜೆ ದೀಪ ಹಚ್ಚುವ ಹೊತ್ತು. ಮರುಳಪ್ಪನವರು ಬಾಗಿಲಲ್ಲೇ, “ಇಬ್ರೂ ಜೊತೇಲಿ ಕೂತಿದ್ರಾ?” ಎಂದು ಕೇಳಿದರು. ವರ್ಷಿಣಿ ನನ್ನ ಮುಖ ನೋಡಿದಳು. “ಅವಳಿಗೆ ಕಿಟಕಿ ಬೇಕಿತ್ತು, ನಂಗೆ ಕಾಲು ಚಾಚಬೇಕಿತ್ತು,” ಎಂದೆ. ದೇವರ ಮುಂದೆ ಮಡಿಲು ಇಳಿಸಿದಾಗ ಕೊಬ್ಬರಿ ಇಲ್ಲದ್ದು ಕಂಡು, ಅವರೇ ಅಟ್ಟ ಹತ್ತಿ ವರ್ಷ ತುಂಬಿದ ರಾಶಿಯಿಂದ ಎರಡು ಕಾಯಿ ತಂದರು.

“ತಗಾ, ಅಲ್ಲಾಡ್ಸಿ ನೋಡು. ಇಲ್ದಿದ್ರೆ ನಿಂಗೆ ಸಮಾಧಾನ ಇರಲ್ಲ.”

“ಕೊಬ್ಬರಿ ಆಗಿರ್ತವೆ ಬುಡಿ,” ಎಂದೆ.

ಅವರು ಸುಲಿದು ಒಡೆದರು. ಆಗಿದ್ದವು.

ಇಂದೋರಿಗೆ ಹೋಗುವ ಮುಂಚೆಯೇ ನಾನು ಕೋಣೆಯಲ್ಲಿ ಅವಳ ಮಂಚಕ್ಕೆ ತಾಗಿಸಿ ನನ್ನ ಮಂಚ ಹಾಕಿಸಿದ್ದೆ. ಊಟಕ್ಕೆ ಮುಂಚೆ ನನ್ನ ಹಾಸಿಗೆ ಸುತ್ತಿ ನಡುಮನೆಗೆ ತಂದೆ. ಮಂಚವನ್ನೂ ಎಳೆಯಲು ಯಜಮಾನರನ್ನು ಕರೆದೆ. ಅವರು ಬಂದು ಒಂದು ಕಡೆ ಹಿಡಿದರು. ವರ್ಷಿಣಿ ಕೋಣೆಯೊಳಗೆ ನಿಂತು ನೋಡುತ್ತಿದ್ದಳು.

“ಚಿಲಕ ಒಳಗಡೆಯಿಂದ ಬಿಗಿಯಾಗೈತೆ. ಸ್ವಲ್ಪ ಎತ್ತಿ ಹಾಕ್ಕ,” ಎಂದೆ.

ಅವಳು ಬಾಗಿಲ ಹತ್ತಿರ ಬಂದಳು. ಚಿಲಕ ಮುಟ್ಟಿ ನೋಡಿದಳು. ನಾನು ಹಾಸಿಗೆ ಬಿಚ್ಚುತ್ತ ತಲೆಯೆತ್ತಲಿಲ್ಲ.

“ಬಾಗ್ಲು ತೆಗ್ದೇ ಇರ್ಲಿ ಅವ್ವ,” ಎಂದಳು.

ತೆರೆದ ಬಾಗಿಲಿನ ಎದುರಿಗೆ, ಕೂಗಿದರೆ ಕೇಳಿಸುವಷ್ಟು ಹತ್ತಿರ, ಕೈಗೆ ಎಟುಕದಷ್ಟು ದೂರದಲ್ಲಿ ನನ್ನ ಹಾಸಿಗೆ ಹಾಸಿಕೊಂಡೆ.